ದೂರದ ಮಗು, ನೆರೆಮನೆಯ ಮಗು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಬ್ಬು ಬೆಳೆಯುವ ಮನೆಗಳಿಂದಲೂ ಮಗ್ಗದ ಮನೆಗಳಿಂದಲೂ ಯುವಕ-ಯುವತಿಯರು ಓದಿಗಾಗಿ, ಉದ್ಯೋಗಕ್ಕಾಗಿ ಸಮುದ್ರ ದಾಟುವುದು ಇಂದು ಸೋಜಿಗದ ಸಂಗತಿಯಲ್ಲ. ಹಾಗೆ ಹೋಗುವವರಿಗೆ ವಿಶೇಷ ಅಗತ್ಯವುಳ್ಳ ಮಕ್ಕಳ ಆರೈಕೆಯ ಸ್ವಯಂಸೇವೆಗೂ ದಾರಿ ತೆರೆದಿದೆ. ಜರ್ಮನಿಯಲ್ಲಿ 2011ರಿಂದ ಸರ್ಕಾರವೇ ನಡೆಸುತ್ತಿರುವ ಸ್ವಯಂಸೇವಾ ಯೋಜನೆಯೊಂದಿದ್ದು, ಅದರಲ್ಲಿ ಸಾಮಾನ್ಯವಾಗಿ 12 ತಿಂಗಳು ಸೇವೆ ಸಲ್ಲಿಸಬೇಕಾಗುತ್ತದೆ. ಅಂಗವಿಕಲರ ವಸತಿಗಳಲ್ಲಿಯೂ ಅಂಥ ಸೇವೆಗೆ ಅವಕಾಶವಿದೆ. ಮಗನೋ ಮಗಳೋ ಇಂಥ ಇಚ್ಛೆಯನ್ನು ಮುಂದಿಟ್ಟಾಗ ಜೈನ ಮನೆತನಗಳಲ್ಲಿ ಎರಡು ಮಾತು ಹುಟ್ಟುವುದು ಸಹಜ. ‘ಪರದೇಶದಲ್ಲಿ ಸೇವೆ ಮಾಡುತ್ತಾರೆ’ ಎಂಬ ಹೆಮ್ಮೆ ಒಂದು. ‘ಶ್ರಾವಕನಿಗೆ ದಿಕ್ಕುಗಳ ಮಿತಿಯಿದೆ, ಅಷ್ಟು ದೂರವೇಕೆ’ ಎಂಬ ಶಂಕೆ ಇನ್ನೊಂದು. ಎರಡೂ ಮಾತುಗಳು ದೂರವನ್ನೇ ಅಳೆಯುತ್ತವೆ. ಜಿನಧರ್ಮ ಅಳೆಯುವುದು ಬೇರೊಂದನ್ನು.

ದಿಗ್ವ್ರತವು ಶ್ರಾವಕನ ಗುಣವ್ರತಗಳಲ್ಲಿ ಮೊದಲನೆಯದು. ಹತ್ತು ದಿಕ್ಕುಗಳಲ್ಲಿ ಇಷ್ಟು ದೂರಕ್ಕಿಂತ ಆಚೆ ಹೋಗೆನೆಂದು ಗೃಹಸ್ಥನು ಮಿತಿ ಹಾಕಿಕೊಳ್ಳುವುದು ಇದರ ಸ್ವರೂಪ. ಇದರ ಉದ್ದೇಶ ಕಾಲಿಗೆ ಸಂಕೋಲೆ ತೊಡಿಸುವುದಲ್ಲ, ಲೋಭಕ್ಕೆ ಎಲ್ಲೆ ಕಟ್ಟುವುದು. ಎಲ್ಲೆಯಾಚೆ ತನ್ನಿಂದ ಹಿಂಸೆಯಾಗಲಿ, ವ್ಯಾಪಾರದ ದುರಾಸೆಯಾಗಲಿ ನಡೆಯಬಾರದು ಎಂಬುದೇ ಅದರ ತಿರುಳು. ವ್ರತ ತೊಟ್ಟವನು ತನ್ನ ಎಲ್ಲೆಯನ್ನು ಮೀರಬಾರದು ಎಂಬುದರಲ್ಲಿ ಎರಡು ಮಾತಿಲ್ಲ. ವ್ರತ ತೊಡದವನಿಗೂ ಅದು ಒಂದು ಪ್ರಶ್ನೆಯನ್ನು ಕೇಳುತ್ತದೆ: ‘ಏನನ್ನು ಪಡೆಯಲು ಹೊರಟಿರುವೆ?’

ದೂರ ಹೋಗುವುದು ಈ ನೆಲಕ್ಕೆ ಹೊಸದಲ್ಲ. ಕ್ರಿ.ಶ. 949ರಲ್ಲಿ ಮುಧೋಳದ ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನನು ವಿದ್ಯೆಯನ್ನು ಅರಸಿ ಘಟಪ್ರಭೆಯ ತೀರದಿಂದ ದಕ್ಷಿಣದ ಗಂಗನಾಡಿನವರೆಗೆ ಹೋದನು, ಅಜಿತಸೇನಾಚಾರ್ಯರ ಶಿಷ್ಯನಾದನು, ಚಾವುಂಡರಾಯನ ಆಶ್ರಯ ಪಡೆದನು. ಆ ಕಾಲದ ಕಾಲುದಾರಿಯಲ್ಲಿ ಅದು ಇಂದಿನ ಪರದೇಶಕ್ಕಿಂತ ಹತ್ತಿರವೇನಲ್ಲ. ಮನೆಯಲ್ಲಿ ದೊರೆಯದ ವಿದ್ಯೆಗಾಗಿ ಮನೆ ಬಿಡುವುದನ್ನು ಜೈನ ಪರಂಪರೆ ಎಂದೂ ಹೀನವೆಂದು ಎಣಿಸಲಿಲ್ಲ. ವಿಶೇಷ ಅಗತ್ಯವುಳ್ಳ ಮಗುವನ್ನು ಸಲಹುವುದೂ ಒಂದು ವಿದ್ಯೆಯೇ.

ಆ ವಿದ್ಯೆಯನ್ನು ಬಾಳಾಗಿಸಿಕೊಂಡವರ ನಿದರ್ಶನ ಲೋಕದಲ್ಲಿದೆ. ವಿಯೆನ್ನಾದ ಮಕ್ಕಳ ವೈದ್ಯ ಕಾರ್ಲ್ ಕ್ಯೋನಿಗ್ ಯಹೂದಿ ಮೂಲದವರು. 1938ರಲ್ಲಿ ನಾಝಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡಾಗ ಅವರು ದೇಶ ಬಿಡಬೇಕಾಯಿತು. ಸ್ಕಾಟ್ಲೆಂಡಿನಲ್ಲಿ ಆಶ್ರಯ ಪಡೆದ ಅವರೂ ಅವರ ಕಿರಿಯ ಸಂಗಡಿಗರೂ 1940ರಲ್ಲಿ ಅಬರ್ಡೀನ್ ನಗರದ ಬಳಿ ‘ಕ್ಯಾಂಪ್‌ಹಿಲ್’ ಎಂಬ ಮನೆಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳೊಡನೆ ಕೂಡಿ ಬಾಳತೊಡಗಿದರು. ಮನೆ ಕಳೆದುಕೊಂಡವರು, ಸಮಾಜ ಬದಿಗೆ ಸರಿಸಿದ ಮಕ್ಕಳಿಗೆ ಮನೆ ಕಟ್ಟಿದರು. ಅದೇ ಹೆಸರಿನ ಸಮುದಾಯಗಳು ಇಂದು 20ಕ್ಕೂ ಹೆಚ್ಚು ದೇಶಗಳಲ್ಲಿವೆ. ಬೇರೆ ಬೇರೆ ದೇಶಗಳ ಯುವಜನರು ಅಲ್ಲಿಗೆ ಬಂದು, ಮಕ್ಕಳಿರುವ ಮನೆಯಲ್ಲಿಯೇ ಉಂಡು, ಮಲಗಿ, ಆರೈಕೆ ಕಲಿಯುತ್ತಾರೆ. ಅಲ್ಲಿ ಸೇವೆಯೆಂದರೆ ಭೇಟಿಯಲ್ಲ, ಸಹವಾಸ.

ಇದಕ್ಕೆ ವ್ಯತಿರಿಕ್ತವಾದ ಪಾಠವೂ ಒಂದಿದೆ. 1989ರ ಡಿಸೆಂಬರಿನಲ್ಲಿ ರುಮೇನಿಯಾದ ಸರ್ವಾಧಿಕಾರಿ ಚೌಷೆಸ್ಕು ಪತನಗೊಂಡ ಬಳಿಕ, ಅಲ್ಲಿನ ಅನಾಥಾಲಯಗಳಲ್ಲಿಯೂ ಅಂಗವಿಕಲ ಮಕ್ಕಳ ವಸತಿಗಳಲ್ಲಿಯೂ ಕೊಳೆಯುತ್ತಿದ್ದ ಎಳೆಯರ ಚಿತ್ರಗಳನ್ನು ಜಗತ್ತು ಕಂಡಿತು. ಯುರೋಪ್, ಅಮೆರಿಕಗಳಿಂದ ಸ್ವಯಂಸೇವಕರು ಧಾವಿಸಿದರು. ಅವರ ಕರುಣೆ ಸುಳ್ಳಲ್ಲ. ಆದರೆ ಮುಂದೆ ಬುಕಾರೆಸ್ಟಿನಲ್ಲಿ ಅಮೆರಿಕದ ವಿಜ್ಞಾನಿಗಳು ಅನಾಥಾಲಯಗಳ 136 ಮಕ್ಕಳನ್ನು ವರ್ಷಗಟ್ಟಲೆ ಅಭ್ಯಸಿಸಿ ಕಂಡ ಸತ್ಯ ಬೇರೆ: ಸಾಕುಮನೆಗಳಿಗೆ ಹೋದ ಮಕ್ಕಳ ಬುದ್ಧಿ, ಬಾಂಧವ್ಯಗಳು ಸಂಸ್ಥೆಯಲ್ಲೇ ಉಳಿದವರಿಗಿಂತ ಚೆನ್ನಾಗಿ ಚಿಗುರಿದವು, ಬೇಗ ಹೋದವರಿಗೆ ಹೆಚ್ಚಿನ ಒಳಿತಾಯಿತು. ಮಗುವಿಗೆ ಬೇಕಾದುದು ಹಲವರ ಮುದ್ದಲ್ಲ, ನಾಳೆಯೂ ಇರುವ ಒಂದೇ ಕೈ. ಹದಿನೈದು ದಿನ ಎತ್ತಿ ಆಡಿಸಿ, ಹದಿನಾರನೆಯ ದಿನ ವಿಮಾನ ಹತ್ತುವವರಿಂದ ಆ ಮಗು ಕಲಿಯುವುದು ಅಗಲಿಕೆಯನ್ನು ಮಾತ್ರ.

ಈಗ ಆಗಮದ ಕಡೆಗೆ ತಿರುಗಬಹುದು. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಆರು ಅಂತರಂಗ ತಪಗಳನ್ನು ಎಣಿಸುವಾಗ ಪ್ರಾಯಶ್ಚಿತ್ತ, ವಿನಯಗಳ ನಂತರ ಮೂರನೆಯದಾಗಿ ವೈಯಾವೃತ್ತ್ಯವನ್ನು ಹೇಳುತ್ತದೆ. ಸ್ವಾಧ್ಯಾಯವೂ ಧ್ಯಾನವೂ ಅನಂತರ ಬರುತ್ತವೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ತ್ಯವನ್ನು ಗೃಹಸ್ಥನ ಶಿಕ್ಷಾವ್ರತಗಳಲ್ಲಿಯೇ ಸೇರಿಸಿದ್ದಾರೆ. ಶಾಸ್ತ್ರದ ನಿಷ್ಕೃಷ್ಟ ಅರ್ಥದಲ್ಲಿ ಅದು ಸಂಯಮಿಗಳಿಗೆ, ಅವರಲ್ಲಿಯೂ ರೋಗಪೀಡಿತರಿಗೆ, ಸಲ್ಲುವ ಸೇವೆಯೆಂಬುದು ನಿಜ. ಹಾಗೆಂದು ನೋಯುವ ಮಗುವನ್ನು ಧರ್ಮ ಹೊರಗಿಟ್ಟಿಲ್ಲ. ಗುಣಾಧಿಕರಲ್ಲಿ ಪ್ರಮೋದವನ್ನು ವಿಧಿಸಿದ ಅದೇ ಸೂತ್ರಗ್ರಂಥ, ಕ್ಲೇಶಪಡುವವರಲ್ಲಿ ಕಾರುಣ್ಯವನ್ನು ವಿಧಿಸಿದೆ. ಮುನಿಯ ಸೇವೆಯಲ್ಲಿ ಪಳಗಿದ ಕೈಯೇ ಕಾರುಣ್ಯದ ಕೈಯೂ ಆಗಬೇಕು.

ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಮೂರನೆಯದಾದ ನಿರ್ವಿಚಿಕಿತ್ಸೆಗೆ ನಿದರ್ಶನನಾಗಿ ಉದ್ದಾಯನ ರಾಜನ ಕಥೆಯನ್ನು ಪ್ರತಿಯೊಂದು ಬಸದಿಯ ಶ್ರಾವಕರೂ ಕೇಳಿದ್ದಾರೆ. ರೋಗದಿಂದ ದುರ್ಗಂಧ ಸೂಸುವ ಮುನಿಯ ವೇಷದಲ್ಲಿ ದೇವನೊಬ್ಬನು ಬಂದು ಆಹಾರ ಸ್ವೀಕರಿಸಿ, ರಾಜನ ಮೇಲೆಯೇ ವಾಂತಿ ಮಾಡಿದಾಗ, ಉದ್ದಾಯನನು ಹಿಂದೆ ಸರಿಯಲಿಲ್ಲ. ದೇಹಕ್ಕೆ ಒಗ್ಗದ ಆಹಾರ ಕೊಟ್ಟೆನಲ್ಲಾ ಎಂದು ತನ್ನನ್ನೇ ಹಳಿದುಕೊಂಡು ಮುನಿಯ ಮೈ ತೊಳೆದನು. ವಿಶೇಷ ಅಗತ್ಯವುಳ್ಳ ಮಗುವಿನ ಆರೈಕೆಯಲ್ಲಿ ಈ ಪರೀಕ್ಷೆ ದಿನಕ್ಕೆ ಹತ್ತು ಸಲ ಎದುರಾಗುತ್ತದೆ. ಜೊಲ್ಲು ಒರೆಸಬೇಕು, ಮಲಮೂತ್ರ ಶುಚಿ ಮಾಡಬೇಕು, ಹೊರಳಲಾರದ ಮೈಯನ್ನು ಹುಣ್ಣಾಗದಂತೆ ಹೊರಳಿಸಬೇಕು. ಇಲ್ಲಿ ಹೇಸಿಗೆಯಿಲ್ಲದಿರುವುದು ಭಾವನೆಯಲ್ಲ, ಅಭ್ಯಾಸ.

ಆದುದರಿಂದ ಪರದೇಶಕ್ಕೆ ಹೊರಡುವ ಮುನ್ನ ಯುವಜನರು ದಿಗ್ವ್ರತದ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳಬೇಕು. ವಿಶ್ವವಿದ್ಯಾಲಯದ ಅರ್ಜಿಗೆ ಸೇರಿಸಲು ಒಂದು ಸಾಲು, ಮೊಬೈಲಿನಲ್ಲಿ ತೋರಿಸಲು ನಾಲ್ಕು ಚಿತ್ರ, ಗೋಡೆಗೆ ಒಂದು ಪ್ರಮಾಣಪತ್ರ: ಇವುಗಳನ್ನು ಪಡೆಯಲೆಂದೇ ಹೋದರೆ ಅದು ಪರಿಗ್ರಹವೇ. ಅಂತರಂಗ ಪರಿಗ್ರಹಗಳ ಪಟ್ಟಿಯಲ್ಲಿ ಮಾನ ಕಷಾಯವೂ ಇದೆಯಷ್ಟೆ. ಪ್ರತಿಯಾಗಿ, ಒಂದು ವರ್ಷ ನಿಂತು, ಭಾಷೆ ಕಲಿತು, ಮಗುವಿನ ಮೌನವನ್ನು ಓದಲು ಕಲಿತು, ಆ ವಿದ್ಯೆಯೊಡನೆ ಮರಳುವ ಸಂಕಲ್ಪವಿದ್ದರೆ, ಆ ಪಯಣವನ್ನು ತಡೆಯಬಾರದು.

ಮರಳುವುದು ಎಲ್ಲಿಗೆ ಎಂಬುದೇ ಇಲ್ಲಿ ಮುಖ್ಯ. ಕೃಷ್ಣೆ, ಘಟಪ್ರಭೆಗಳ ನಡುವಿನ ಈ ಊರುಗಳ ಓಣಿಗಳಲ್ಲಿಯೂ ಸೆರೆಬ್ರಲ್ ಪಾಲ್ಸಿ, ಆಟಿಸಂ, ಡೌನ್ ಸಿಂಡ್ರೋಮ್ ಇರುವ ಮಕ್ಕಳಿದ್ದಾರೆ. ಅನೇಕ ಮನೆಗಳಲ್ಲಿ ಅವರು ಒಳಕೋಣೆಯಲ್ಲಿಯೇ ಬೆಳೆಯುತ್ತಾರೆ. ಅವರೊಡನೆ ತಾಯಿಯೂ ಒಳಗೇ ಉಳಿಯುತ್ತಾಳೆ. ಮದುವೆ, ಪಂಚಕಲ್ಯಾಣ, ಚಾತುರ್ಮಾಸದ ಪ್ರವಚನ ಯಾವುದಕ್ಕೂ ಅವಳಿಗೆ ಬಿಡುವಿಲ್ಲ. ಅಪರೂಪಕ್ಕೆ ಬಂದರೂ ಯಾರಾದರೂ ಹಿರಿಯರು ‘ಪೂರ್ವಜನ್ಮದ ಕರ್ಮ, ಏನು ಮಾಡಲಿಕ್ಕಾಗುತ್ತದೆ’ ಎಂದು ನಿಟ್ಟುಸಿರಿಡುತ್ತಾರೆ. ಧರ್ಮದ ಹೆಸರಿನಲ್ಲಿ ಆಡುವ ಈ ಮಾತು ಧರ್ಮವಲ್ಲ.

ಕರ್ಮಸಿದ್ಧಾಂತವು ತನ್ನನ್ನು ತಾನು ಪರೀಕ್ಷಿಸಿಕೊಳ್ಳಲು ಇರುವ ಕನ್ನಡಿ. ಪರರ ಮುಖಕ್ಕೆ ಹಿಡಿಯುವ ದೀವಟಿಗೆಯಲ್ಲ. ಮಗುವಿನ ಸ್ಥಿತಿಗೆ ನಿಮಿತ್ತಗಳು ಹಲವು. ಹೆರಿಗೆಯಲ್ಲಿ ಉಸಿರಾಟದ ತೊಂದರೆ, ನವಜಾತ ಶಿಶುವಿನ ತೀವ್ರ ಕಾಮಾಲೆ, ಮೆದುಳಿನ ಸೋಂಕು, ವಂಶವಾಹಿಯ ವ್ಯತ್ಯಾಸ ಇವೆಲ್ಲ ಕಾರಣವಾಗಬಲ್ಲವು. ಸೋದರಮಾವ, ಸೋದರತ್ತೆಯ ಮಕ್ಕಳೊಡನೆ ವಿವಾಹಗಳು ನಡೆಯುವಲ್ಲಿ ಕೆಲವು ಆನುವಂಶಿಕ ಕಾಯಿಲೆಗಳ ಸಂಭವ ಹೆಚ್ಚು. ಇದನ್ನು ತಿಳಿದು ತಡೆಯಬಹುದಾದುದನ್ನು ತಡೆಯುವುದು ವಿವೇಕ. ಇನ್ನು ಶಾಸ್ತ್ರವೇ ಹೇಳುವ ಮಾತೊಂದಿದೆ. ಇತರರಿಗೆ ದುಃಖ, ಶೋಕ, ತಾಪಗಳನ್ನು ಉಂಟುಮಾಡುವವನಿಗೆ ಅಸಾತಾವೇದನೀಯ ಕರ್ಮದ ಆಸ್ರವವಾಗುತ್ತದೆ. ಜೀವಿಗಳಲ್ಲಿ ಅನುಕಂಪೆ ತೋರುವವನಿಗೆ ಸಾತಾವೇದನೀಯದ ಆಸ್ರವವಾಗುತ್ತದೆ. ನೊಂದ ತಾಯಿಯ ಮುಂದೆ ಅವಳ ಮಗುವಿನ ಕರ್ಮವನ್ನು ಎಣಿಸುವವರು ಕಟ್ಟಿಕೊಳ್ಳುತ್ತಿರುವುದು ತಮ್ಮ ಕರ್ಮವನ್ನೇ. ಆ ಮಗುವಿನಲ್ಲಿರುವ ಜೀವವೂ ಸ್ವಭಾವತಃ ಅನಂತಜ್ಞಾನಿಯೇ. ಆವರಣದ ಮಾತು ಬಂದರೆ, ಆವರಣವಿಲ್ಲದ ಸಂಸಾರಿ ಈ ಊರುಗಳಲ್ಲಿ ಯಾರಿದ್ದಾರೆ?

ಈ ಭಾಗದ ಶ್ರಾವಕ-ಶ್ರಾವಿಕೆಯರಿಗೆ ಈ ಸೇವೆ ಅಪರಿಚಿತವೂ ಅಲ್ಲ. ಮುನಿಗಳು ಊರಿಗೆ ಬಂದಾಗ ಆಹಾರದಾನದ ಹೊತ್ತಿನಲ್ಲಿ ಅವರು ತೋರುವ ಎಚ್ಚರವನ್ನು ನೆನೆಯಬೇಕು. ಮನೆಮಂದಿಯೆಲ್ಲ ಶುಚಿರ್ಭೂತರಾಗಿ ನಿಂತು, ಮುನಿಯ ಅಂಜಲಿಯಲ್ಲಿ ಒಂದೊಂದೇ ತುತ್ತನ್ನು ಇಡುತ್ತಾರೆ. ಹಿಂದಿನ ತುತ್ತು ಇಳಿಯಿತೇ, ನೀರು ಬೇಕೇ, ಸಾಕೆಂಬ ಸನ್ನೆ ಬಂತೇ ಎಂದು ಕಣ್ಣು ಮಿಟುಕಿಸದೆ ನೋಡುತ್ತಾರೆ. ಅವಸರವಿಲ್ಲ, ಬೇಸರವಿಲ್ಲ. ನುಂಗಲು ಕಷ್ಟಪಡುವ ಮಗುವಿಗೆ ಬೇಕಾದುದೂ ಇದೇ: ಬೆನ್ನು ನೆಟ್ಟಗಿರುವಂತೆ ಕೂರಿಸಿ, ಚಿಕ್ಕ ಚಮಚದಲ್ಲಿ ಮೆತ್ತನೆಯ ಅನ್ನ ಕೊಟ್ಟು, ಒಂದು ತುತ್ತು ಇಳಿದ ಮೇಲೆ ಇನ್ನೊಂದು. ಅವಸರಿಸಿದರೆ ಆಹಾರ ಶ್ವಾಸನಾಳಕ್ಕೆ ಹೋಗಬಹುದು. ಮುನಿಯ ಅಂಜಲಿಯ ಮುಂದೆ ಕಲಿತ ತಾಳ್ಮೆಯನ್ನು ನೆರೆಮನೆಯ ಮಗುವಿನ ಚಮಚದವರೆಗೆ ಒಯ್ಯಲು ಪಾಸ್‌ಪೋರ್ಟ್ ಬೇಕಾಗಿಲ್ಲ.

ಕಾನೂನಿನ ಆಸರೆಯೂ ಇದೆ. 1995ರ ಕಾಯ್ದೆ 7 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21ನ್ನು ಗುರುತಿಸಿದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಯೋಜನೆಯಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯವುಳ್ಳವರಿಗೆ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಆದರೆ ಗುರುತಿನ ಚೀಟಿಗಾಗಿ ಮಗುವನ್ನು ಹೊತ್ತು ತಿರುಗುವ ತಾಯಿಯ ಜೊತೆಗೆ ಹೋಗುವವರು ಬೇಕು. ಅರ್ಜಿ ತುಂಬಬಲ್ಲ ವಿದ್ಯಾವಂತರು ಪ್ರತಿಯೊಂದು ಬಸದಿಯ ಸಮಾಜದಲ್ಲಿಯೂ ಇದ್ದಾರೆ. ಇದೂ ಅಭಯದಾನವೇ.

ಪಂಚಕಲ್ಯಾಣಗಳಲ್ಲಿ ಸವಾಲು ಕೂಗಿ ಲಕ್ಷಗಳನ್ನು ಅರ್ಪಿಸುವ ಔದಾರ್ಯ ಈ ಸಮಾಜಕ್ಕಿದೆ. ಬೇಕಾಗಿರುವುದು ಹಣಕ್ಕಿಂತ ಹೊತ್ತು. ವಾರಕ್ಕೊಂದು ಮಧ್ಯಾಹ್ನ ಇಬ್ಬರು ಶ್ರಾವಿಕೆಯರು ಅಂಥ ಒಂದು ಮನೆಗೆ ಹೋಗಿ, ಮೊದಲು ತಾಯಿಯಿಂದಲೇ ಕಲಿತು, ಬಳಿಕ ಮೂರು ಗಂಟೆ ಮಗುವನ್ನು ನೋಡಿಕೊಂಡರೆ, ಆ ತಾಯಿ ಬಸದಿಗೆ ಬಂದು ಅಭಿಷೇಕ ನೋಡಬಲ್ಲಳು, ಇಲ್ಲವೆ ಸುಮ್ಮನೆ ನಿದ್ರಿಸಬಲ್ಲಳು. ಹೋಗುವವರು ವರ್ಷವಿಡೀ ಅವರೇ ಆಗಿರಬೇಕು. ವಾರಕ್ಕೊಂದು ಹೊಸ ಮುಖವಾದರೆ ರುಮೇನಿಯಾದ ತಪ್ಪೇ ಇಲ್ಲಿಯೂ ಆದೀತು. ಪರದೇಶದಲ್ಲಿ ಕಲಿತು ಬಂದ ಯುವಕ-ಯುವತಿಯರು ಈ ಕೆಲಸಕ್ಕೆ ತರಬೇತಿ ಕೊಡುವ ಗುರುಗಳಾಗಲಿ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಉತ್ತಮ ತಪದ ದಿನ ಉಪವಾಸದ ನಿಯಮ ತೊಡುವವರು, ಅದರೊಡನೆ ಈ ಮೂರು ಗಂಟೆಗಳ ನಿಯಮವನ್ನೂ ತೊಟ್ಟರೆ, ಬಾಹ್ಯ ತಪಕ್ಕೆ ಅಂತರಂಗ ತಪ ಜೊತೆಯಾಗುತ್ತದೆ.