ಮಾನದಂಡಕ್ಕೆ ಸಿಗದ ಮಾಲಿನ್ಯ, ಬಸವನಹುಳುವಿನ ಸಾಕ್ಷ್ಯ

ಕೃಷ್ಣರಾಜಸಾಗರದ ಹಿನ್ನೀರಿನ ಮೀನುಗಳಲ್ಲಿನ ಅಂಗವಿರೂಪವು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಪೇಂದ್ರ ನಾಂಗ್‌ಥೊಂಬ ಅವರ ಗಮನಕ್ಕೆ ಬಂದದ್ದು ಪ್ರಯೋಗಾಲಯದಲ್ಲಲ್ಲ. ನದಿದಡದಲ್ಲಿ ಹುರಿದ ಮೀನು ಸವಿಯಲು ಹೋಗುತ್ತಿದ್ದಾಗ. ಅವರ ತಂಡ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜೀಬ್ರಾ ಮೀನಿನ ಭ್ರೂಣಗಳನ್ನು ಅಲ್ಲಿನ ನೀರಿಗೆ ಒಡ್ಡಲಾಯಿತು. ನಿಧಾನವಾಗಿ ಹರಿಯುವ ಹಾಗೂ ನಿಂತ ನೀರಿನಲ್ಲಿ ಬೆಳೆದವುಗಳಿಗೆ ಅಸ್ಥಿ ವಿರೂಪ, ಡಿಎನ್‌ಎ ಹಾನಿ, ಹೃದಯದ ದೋಷ ಕಂಡುಬಂದವು. ಸೂಕ್ಷ್ಮಜೀವಿಗಳನ್ನು ಸೋಸಿ ತೆಗೆದರೂ ದೋಷ ಉಳಿಯಿತು. ನೀರಿನಲ್ಲಿ ಪ್ಲಾಸ್ಟಿಕ್ ಸೂಕ್ಷ್ಮಕಣಗಳೂ ಸೈಕ್ಲೋಹೆಕ್ಸೈಲ್ ಗುಂಪಿನ ರಾಸಾಯನಿಕವೂ ಪತ್ತೆಯಾದವು.

ಇದು ಕಣ್ಣಿಗೆ ಕಾಣುವ ಹಾನಿ. ಹಾರ್ಮೋನು ವ್ಯವಸ್ಥೆಯನ್ನು ಕೆಡಿಸುವ ರಾಸಾಯನಿಕಗಳ ಕೆಲಸ ಇದಕ್ಕಿಂತ ಗೋಪ್ಯವಾದದ್ದು. 1970ರ ಸುಮಾರಿಗೆ ಇಂಗ್ಲೆಂಡಿನ ಪ್ಲಿಮತ್ ಬಳಿ ಹೆಣ್ಣು ಕಡಲ ಬಸವನಹುಳುಗಳಲ್ಲಿ ಗಂಡಿನ ಜನನಾಂಗ ಬೆಳೆದಿದ್ದು ವರದಿಯಾಯಿತು. ಹಡಗಿನ ತಳಕ್ಕೆ ಬಳಿಯುವ ಬಣ್ಣದಲ್ಲಿದ್ದ ಟ್ರೈಬ್ಯುಟೈಲ್‌ಟಿನ್ ಇದಕ್ಕೆ ಕಾರಣವೆಂದು ಮುಂದೆ ಸಾಬೀತಾಯಿತು. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಸಾಕು. ಹೆಣ್ಣಿನ ಮೊಟ್ಟೆಯ ದಾರಿಯೇ ಮುಚ್ಚಿಹೋಗುತ್ತದೆ. ಫ್ರಾನ್ಸ್ 1982ರಲ್ಲಿ ನಿರ್ಬಂಧ ಹೇರಿತು. ಜಾಗತಿಕ ಒಪ್ಪಂದ ಜಾರಿಯಾದದ್ದು 2008ರಲ್ಲಿ! ಗೋವೆಯ ಮುರಗಾಂವ್ ಬಂದರಿನ ಹುಳುಗಳಲ್ಲೂ ಇದೇ ಲಕ್ಷಣ ದಾಖಲಾಗಿದೆ.

ಸಿಹಿನೀರಿಗೂ ಈ ಮಾತು ಅನ್ವಯಿಸುತ್ತದೆ. 1990ರ ದಶಕದಲ್ಲಿ ಜರ್ಮನಿಯ ಪ್ರಯೋಗಗಳಲ್ಲಿ ಮರೀಸಾ ಎಂಬ ಸಿಹಿನೀರಿನ ಹುಳುವಿನಲ್ಲಿ ಇದೇ ಪರಿಣಾಮ ಕಂಡಿತು. ನಮ್ಮ ಕೆರೆ, ಗದ್ದೆಗಳ ದೊಡ್ಡ ಬಸವನಹುಳು ಪೈಲಾ ಅದರ ಕುಟುಂಬಕ್ಕೇ ಸೇರಿದ್ದು.

ಕೃಷ್ಣರಾಜಪೇಟೆ ಸೀಮೆಯ ಹೇಮಾವತಿ ನೀರು ಹಿನ್ನೀರನ್ನು ಸೇರುತ್ತದೆ. ನಾಗಮಂಗಲದ ಕಡೆಯಿಂದ ಬರುವ ಲೋಕಪಾವನಿ ಪಾಂಡವಪುರ ದಾಟಿ ಶ್ರೀರಂಗಪಟ್ಟಣದ ಬಳಿ, ಅಣೆಕಟ್ಟಿನ ಕೆಳಗೆ, ಕಾವೇರಿಯಲ್ಲಿ ಲೀನವಾಗುತ್ತದೆ. ಕಬ್ಬು, ಭತ್ತದ ಗದ್ದೆಗಳ ಬಸಿನೀರು, ಪಟ್ಟಣಗಳ ಚರಂಡಿ ನೀರು ಎಲ್ಲವೂ ಕೊನೆಗೆ ಈ ಜಾಲಕ್ಕೇ ಸೇರುತ್ತವೆ. ಆದರೆ ಅಳೆಯುವವರು ಏನನ್ನು ಅಳೆಯುತ್ತಿದ್ದಾರೆ? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನು ಮತ್ತು ವನ್ಯಜೀವಿಗಳಿಗೆ ಮೀಸಲಾದ 'ಡಿ' ದರ್ಜೆಯ ನೀರಿಗೆ ಇರುವ ಕಟ್ಟಳೆ ಮೂರೇ: ಆಮ್ಲ-ಕ್ಷಾರ ಪ್ರಮಾಣ, ಕರಗಿದ ಆಮ್ಲಜನಕ, ಮುಕ್ತ ಅಮೋನಿಯಾ. ಮೇಲಿನ ದರ್ಜೆಗಳಲ್ಲಿ ಕೋಲಿಫಾರ್ಮ್ ಮತ್ತು ಜೈವಿಕ ಆಮ್ಲಜನಕ ಬೇಡಿಕೆ ಸೇರುತ್ತವೆ, ಅಷ್ಟೆ. ಹಾರ್ಮೋನು ಕೆಡಿಸುವ ರಾಸಾಯನಿಕಗಳಿಗೆ ಅಲ್ಲಿ ಸ್ಥಾನವಿಲ್ಲ. ಹೆಣ್ಣನ್ನು ಬಂಜೆಯಾಗಿಸುವ ನೀರೂ ಈ ಪಟ್ಟಿಯಲ್ಲಿ ಉತ್ತೀರ್ಣವಾಗಬಲ್ಲದು.

ದುಬಾರಿ ಯಂತ್ರ ಕೊಳ್ಳಬೇಕೆಂಬ ನೆಪ ಇಲ್ಲಿ ಸಲ್ಲದು. ಹುಳುವನ್ನು ಹೆಕ್ಕಿ, ಸೂಕ್ಷ್ಮದರ್ಶಕದಡಿ ನೋಡುವ ಕೆಲಸವನ್ನು ಪದವಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗವೂ ಮಾಡಬಲ್ಲದು. ಆದರೆ ಒಂದು ಎಚ್ಚರ ಬೇಕು. ಈ ಕುಟುಂಬದ ಕೆಲವು ಹುಳುಗಳಲ್ಲಿ ಹೆಣ್ಣಿಗೂ ಗಂಡಿನ ಅಂಗದ ಕುರುಹು ಹುಟ್ಟಿನಿಂದಲೇ ಇರುತ್ತದೆ. ಆದ್ದರಿಂದ ಹಿನ್ನೀರಿನ ಹುಳುವನ್ನು ಚರಂಡಿ, ಔಷಧಿ ಸೋಕದ ಕೆರೆಯ ಹುಳುವಿನೊಂದಿಗೆ ಹೋಲಿಸಿದ ನಂತರವೇ ತೀರ್ಮಾನಕ್ಕೆ ಬರಬೇಕು. ಅಂಥ ಕೆರೆಯೊಂದನ್ನು ಈ ನಾಲ್ಕು ತಾಲ್ಲೂಕುಗಳಲ್ಲಿ ಹುಡುಕುವುದೇ ಮೊದಲ ಕೆಲಸವಾದೀತು.