ಓಣಿಯ ಶಾಲೆಯೋ, ದೂರದ ಶಾಲೆಯೋ?

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಸಾಗುವ ಹೆದ್ದಾರಿಯ ಮೇಲೆ, ಬಾದಾಮಿಯ ಕಡೆಗೆ ದಾರಿ ಹೊರಳುವಲ್ಲಿ ಕುಳಗೇರಿ ಕ್ರಾಸ್ ಇದೆ. ಮುಂಗಾರು ಬಿತ್ತನೆಯ ಹೊತ್ತಿಗೆ ಶಾಲೆಗಳೂ ತೆರೆಯುತ್ತವೆ. ಆಗ ಈ ಕೂಡುರಸ್ತೆಯ ಸುತ್ತಲಿನ ಮನೆಮನೆಗಳಲ್ಲಿ ಒಂದೇ ಚರ್ಚೆ ನಡೆಯುತ್ತದೆ: ಮಗುವನ್ನು ಓಣಿಯ ಕನ್ನಡ ಶಾಲೆಗೆ ಸೇರಿಸಬೇಕೋ, ಹಳದಿ ವಾಹನದಲ್ಲಿ ಕೂರಿಸಿ ದೂರದ ಆಂಗ್ಲ ಮಾಧ್ಯಮ ಶಾಲೆಗೆ ಕಳುಹಿಸಬೇಕೋ? ಮೇಲ್ನೋಟಕ್ಕೆ ಇದು ಒಂದು ಕುಟುಂಬದ ಪ್ರಶ್ನೆ. ವಿಚಾರಿಸಿ ನೋಡಿದರೆ ಇಡೀ ಊರಿನ ಪ್ರಶ್ನೆ.

ಶ್ರೀಮಠದ ಶಾಲೆಯ ಸಂಸ್ಮರಣ ಸಂಚಿಕೆಯಲ್ಲಿ ಈ ವಿಷಯವನ್ನೆತ್ತುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಮಠದ ಶಾಲೆಯೂ ಸರಕಾರಿ ಶಾಲೆಯಲ್ಲವಲ್ಲ! ಆದರೆ ಅದಕ್ಕಾಗಿಯೇ ಈ ಪ್ರಶ್ನೆಗೆ ಇಲ್ಲಿ ಸ್ಥಾನವಿರಬೇಕು. ನಮ್ಮ ಭಾಗದಲ್ಲಿ ಮಠಗಳೂ ಸಮಾಜದ ಹಿರಿಯರೂ ವಿದ್ಯಾದಾನಕ್ಕೆ ಕೈಹಾಕಿದ್ದು ಕೊರತೆಯನ್ನು ತುಂಬುವುದಕ್ಕಾಗಿ. 1906ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಜನ್ಮತಾಳಿತು. 1909ರಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳು ಇದೇ ಬಾದಾಮಿ ಸೀಮೆಯ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಜೋಳಿಗೆಯ ಕಾಳಿನಿಂದ, ಭಕ್ತರ ಕಾಣಿಕೆಯಿಂದ ಪ್ರಸಾದ ನಿಲಯಗಳು ನಡೆದವು. ಎಲ್ಲಿ ಶಾಲೆಯಿಲ್ಲವೋ ಅಲ್ಲಿ ಶಾಲೆಯಾಗುವುದು ಆ ಪರಂಪರೆಯ ಧರ್ಮ. ಇದ್ದ ಶಾಲೆಯನ್ನು ಬರಿದು ಮಾಡುವುದಲ್ಲ.

ಕಾಯಿದೆಯೇನೋ ಆಯ್ಕೆಯನ್ನು ಪಾಲಕರಿಗೇ ಬಿಟ್ಟಿದೆ. ಪ್ರಾಥಮಿಕ ಹಂತದಲ್ಲಿ ಕನ್ನಡವೇ ಮಾಧ್ಯಮವಾಗಬೇಕೆಂಬ 1994ರ ಸರಕಾರಿ ಆದೇಶದ ವ್ಯಾಜ್ಯವು 2014ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಕೊನೆಗೊಂಡಿತು. ಮಾಧ್ಯಮದ ಆಯ್ಕೆ ಮಗುವಿನದು ಮತ್ತು ಪಾಲಕರದು ಎಂದು ತೀರ್ಪಾಯಿತು. ಹಕ್ಕು ಇದೆಯೆಂದ ಮಾತ್ರಕ್ಕೆ ಆಯ್ಕೆ ಸರಿಯಾಗಿರಲೇಬೇಕೆಂದಿಲ್ಲ. ಹಕ್ಕು ದೊರೆತಲ್ಲಿ ವಿವೇಕದ ಹೊಣೆಯೂ ಹೆಚ್ಚುತ್ತದೆ.

ಪಾಲಕರನ್ನು ಸುಮ್ಮನೆ ದೂಷಿಸುವುದು ನ್ಯಾಯವಲ್ಲ. ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ನೋಡಿಕೊಳ್ಳುತ್ತಾರೆ. ಜನಗಣತಿಗೂ ಚುನಾವಣೆಗೂ ಅವರೇ ಹೋಗಬೇಕು. ಸ್ವತಃ ಶಿಕ್ಷಕರ ಮಕ್ಕಳೇ ಆ ಶಾಲೆಯಲ್ಲಿಲ್ಲದಿರುವುದನ್ನು ಊರು ಕಾಣುತ್ತದೆ. ಇಂಗ್ಲಿಷ್ ಬಾರದೆ ತಾನು ಪಟ್ಟ ಪಾಡು ಮಗನಿಗೆ ಬೇಡವೆಂದು ಒಕ್ಕಲಿಗನೊಬ್ಬ ಸಾಲ ಮಾಡಿ ಶುಲ್ಕ ಕಟ್ಟಿದರೆ, ಅವನ ಆಸೆಯಲ್ಲಿ ತಪ್ಪೇನಿದೆ? ಆಸೆಯಲ್ಲಿ ತಪ್ಪಿಲ್ಲ, ಲೆಕ್ಕದಲ್ಲಿ ತಪ್ಪಿದೆ.

ಆ ಲೆಕ್ಕವನ್ನು ಬಿಡಿಸಿ ನೋಡಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ, ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ರವರೆಗೆ 3, 91ರಿಂದ 120ರವರೆಗೆ 4 ಶಿಕ್ಷಕರು ಇರಬೇಕು. 92 ಮಕ್ಕಳಿರುವ ಒಂದು ಶಾಲೆಯನ್ನು ಊಹಿಸಿಕೊಳ್ಳಿ. ಅದರಲ್ಲಿ 32 ಮಕ್ಕಳು ವಾಹನ ಹತ್ತಿ ಹೋದರೆ ಉಳಿದ 60 ಮಕ್ಕಳಿಗೆ ನಿಯಮದಂತೆ ಸಲ್ಲುವವರು ಇಬ್ಬರೇ ಶಿಕ್ಷಕರು. ಮಿಕ್ಕವರು 'ಹೆಚ್ಚುವರಿ' ಎನಿಸಿಕೊಂಡು ಬೇರೆಡೆಗೆ ವರ್ಗವಾಗುತ್ತಾರೆ. ಶಿಕ್ಷಕರು ಕಡಿಮೆಯಾದರೆಂದು ಮರುವರ್ಷ ಇನ್ನಷ್ಟು ಮಕ್ಕಳು ಹೊರಡುತ್ತಾರೆ. ಹೀಗೆ ಶಾಲೆ ಕೆಟ್ಟಿತೆಂದು ಮಕ್ಕಳು ಹೋದರೋ, ಮಕ್ಕಳು ಹೋದರೆಂದು ಶಾಲೆ ಕೆಟ್ಟಿತೋ ಎಂಬುದೇ ತಿಳಿಯದಂತಾಗುತ್ತದೆ.

ಕೊನೆಗೆ ಅಲ್ಲಿ ಉಳಿಯುವವರು ಯಾರು? ಕೂಲಿಕಾರರ ಮಕ್ಕಳು, ಗೋವೆಗೋ ಮಂಗಳೂರಿಗೋ ದುಡಿಯಲು ಹೋಗಿಬರುವವರ ಮಕ್ಕಳು, ಎಲ್ಲಕ್ಕೂ ಮಿಗಿಲಾಗಿ ಹೆಣ್ಣುಮಕ್ಕಳು. ಒಂದೇ ಮನೆಯಲ್ಲಿ ತಮ್ಮನಿಗೆ ಟೈ, ಬೂಟು, ವಾಹನ; ಅಕ್ಕನಿಗೆ ಓಣಿಯ ಶಾಲೆ ಎಂಬ ದೃಶ್ಯ ಅಪರೂಪವಲ್ಲ. ಖಾಸಗಿ ಶಾಲೆಗಳಲ್ಲಿ ಬಡವರಿಗೆ ಮೀಸಲಾಗಿದ್ದ ಶೇಕಡಾ 25ರ ಬಾಗಿಲೂ 2019ರ ನಿಯಮ ತಿದ್ದುಪಡಿಯಿಂದ, ನೆರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿರುವ ಕಡೆ ಮುಚ್ಚಿಕೊಂಡಿತು. ಆದ್ದರಿಂದ ಓಣಿಯ ಶಾಲೆ ಬಡವಾದರೆ ಈ ಮಕ್ಕಳಿಗೆ ಬೇರೆ ಶಾಲೆಯಿಲ್ಲ. ಕೂಡಲಸಂಗಮ ದೂರದಲ್ಲಿಲ್ಲ. ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ಆಯ್ದಕ್ಕಿ ಲಕ್ಕಮ್ಮ, ಅಕ್ಕಮಹಾದೇವಿಯರನ್ನು ಒಂದೇ ಬಳಗವೆಂದು ಸ್ಮರಿಸುವ ಸಮಾಜವು, ಆರು ವರ್ಷದ ಮಕ್ಕಳನ್ನು ಶುಲ್ಕದ ಅಳತೆಯಿಂದ ಬೇರ್ಪಡಿಸುವುದನ್ನು ಹೇಗೆ ಒಪ್ಪೀತು? 1964-66ರ ಕೊಠಾರಿ ಆಯೋಗವು ಎಲ್ಲ ವರ್ಗದ ಮಕ್ಕಳೂ ಓದುವ ನೆರೆಹೊರೆ ಶಾಲೆಯನ್ನು ಸೂಚಿಸಿದ್ದರ ಮರ್ಮವೂ ಇದೇ.

ಓಣಿಯ ಶಾಲೆ ನಾವು ತಿಳಿದಷ್ಟು ದರಿದ್ರವೂ ಅಲ್ಲ. ಅಲ್ಲಿಯ ಶಿಕ್ಷಕರು ತರಬೇತಿ ಹೊಂದಿ, ಸ್ಪರ್ಧೆಯಲ್ಲಿ ಗೆದ್ದು ಬಂದವರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿ 2009-10ರಿಂದ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. 2002ರಲ್ಲಿ ಉತ್ತರ ಕರ್ನಾಟಕದಲ್ಲಿ ಮೊದಲುಗೊಂಡ ಬಿಸಿಯೂಟಕ್ಕೆ 'ಅಕ್ಷರ ದಾಸೋಹ'ವೆಂಬ ಶರಣರ ಹೆಸರೇ ಇದೆ. ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆ. ಮನೆಯ ಮಾತಿನಲ್ಲಿ ಓದು ಬರಹ ಗಟ್ಟಿಯಾದ ಮಗು ಮುಂದೆ ಇಂಗ್ಲಿಷನ್ನೂ ಕಲಿತೀತು. ಅರ್ಥವಾಗದ ಮಾತನ್ನು ಉರುಹೊಡೆದ ಮಗುವಿಗೆ ಎರಡೂ ಕೈಗೆಟುಕಲಾರವು.

ಹಾಗೆಂದು, ನಿಜವಾಗಿಯೂ ಪಾಠ ನಡೆಯದ ಶಾಲೆಗೆ ಆದರ್ಶದ ಹೆಸರಿನಲ್ಲಿ ಮಗುವನ್ನು ಬಲಿಕೊಡಿರೆಂದು ಯಾರೂ ಹೇಳಲಾರರು. ಆದರೆ ನಿರ್ಣಯಕ್ಕೆ ಮೊದಲು ಪಾಲಕರು ಎರಡೂ ಶಾಲೆಗಳಲ್ಲಿ ಒಂದೊಂದು ತಾಸು ಕುಳಿತು ನೋಡಲಿ. ಫಲಕವನ್ನಲ್ಲ, ಮೂರನೆಯ ತರಗತಿಯ ಮಗು ಒಂದು ಪುಟವನ್ನು ಓದಿ ತನ್ನ ಮಾತಿನಲ್ಲಿ ಹೇಳಬಲ್ಲುದೇ ಎಂಬುದನ್ನು ಪರೀಕ್ಷಿಸಲಿ. ಮಗನಿಗೆ ಆರಿಸಿದ ಶಾಲೆಯನ್ನೇ ಮಗಳಿಗೂ ಆರಿಸುವೆವೇ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ. ಕೊರತೆ ಕಂಡರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಕೇಳಲಿ. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕೆಂಬುದು ಕಾಯಿದೆಯ ಮಾತು.

ಇನ್ನು ಈ ಸಂಚಿಕೆಯನ್ನು ಓದುವವರ ಪಾಲಿನ ಕರ್ತವ್ಯ. 2015ರಲ್ಲಿ ಅಲಹಾಬಾದ ಉಚ್ಚ ನ್ಯಾಯಾಲಯವು ಸರಕಾರದ ಸಂಬಳ ಪಡೆಯುವವರ ಮಕ್ಕಳು ಸರಕಾರಿ ಶಾಲೆಯಲ್ಲೇ ಓದಬೇಕೆಂದು ಆದೇಶಿಸಿತ್ತು. ಇಂಥದು ಆದೇಶದಿಂದ ಆಗುವ ಕೆಲಸವಲ್ಲ, ಮನಃಸಾಕ್ಷಿಯಿಂದ ಆಗಬೇಕಾದದ್ದು. ಶಿಕ್ಷಕ ಬಂಧುಗಳು ತಮ್ಮ ಮಕ್ಕಳಿಂದಲೇ ಇದನ್ನು ಆರಂಭಿಸಿದರೆ ಊರು ನಂಬುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಮಠದ ಶಾಲೆಗೆ ಬರುವ ಮುನ್ನ ಅಕ್ಷರ ತಿದ್ದಿದ್ದು ಓಣಿಯ ಶಾಲೆಯಲ್ಲಿ. ಆ ಋಣವೂ ಅವರ ಮೇಲಿದೆ. ದಾನಿಗಳು ಹೊಸ ಕಟ್ಟಡಕ್ಕೆ ಕೊಡುವ ಕಾಣಿಕೆಯಲ್ಲಿ ಒಂದು ಪಾಲನ್ನು ನೆರೆಯ ಕನ್ನಡ ಶಾಲೆಯ ಪುಸ್ತಕಕ್ಕೂ ಹೆಣ್ಣುಮಕ್ಕಳ ಶೌಚಾಲಯಕ್ಕೂ ಮೀಸಲಿಟ್ಟರೆ ಅದೂ ದಾಸೋಹವೇ. ಸಂಸ್ಥೆಗಳು ಓಣಿಯ ಶಾಲೆ ಮುಗಿಯುವಲ್ಲಿಂದ ತಮ್ಮ ಕಾಯಕವನ್ನು ಆರಂಭಿಸಲಿ. ಅದು ಚೆನ್ನಾಗಿ ನಡೆಯುವ ಕಡೆ ಶಿಶುವಿಹಾರ ತೆರೆದು ಪೈಪೋಟಿಗಿಳಿಯದಿರಲಿ.

2009ರಲ್ಲಿ, ಮತ್ತೆ 2019ರಲ್ಲಿ ಮಲಪ್ರಭೆ ಉಕ್ಕಿ ಬಂದಾಗ ಮನೆ ಕಳೆದುಕೊಂಡವರು ಆಶ್ರಯಕ್ಕಾಗಿ ನೋಡಿದ್ದು ಶಾಲೆಯ ಕಟ್ಟಡಗಳತ್ತ. ಆಪತ್ಕಾಲದಲ್ಲಿ ಎಲ್ಲರದೂ ಆಗುವ ಶಾಲೆ, ಸುಖದ ದಿನಮಾನದಲ್ಲಿ ಬಡವರದಷ್ಟೇ ಆಗಿ ಉಳಿಯಬಾರದು. ಊರ ಮಕ್ಕಳೆಲ್ಲ ಒಂದೇ ಗಂಟೆಯ ನಾದಕ್ಕೆ ಓಗೊಟ್ಟು ನಡೆದು ಹೋಗುವ ದಿನ ಬಂದರೆ, ಶ್ರೀಮಠದ ವಿದ್ಯಾದಾಸೋಹವೂ ಸಾರ್ಥಕವಾದೀತು.