ಲೀಜು ಹಾಗೂ ಪಾಲಿನ ರೈತರಿಗೂ ಬೆಳೆ ಪರಿಹಾರ, ಸಹಾಯಧನ ಸಿಗುವಂತೆ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ರಾಯಚೂರು ಜಿಲ್ಲೆ
(ಮಾನ್ಯ ತಹಶೀಲ್ದಾರರು, ಸಿಂಧನೂರು ಇವರ ಮೂಲಕ)

ಮಾನ್ಯರೇ,

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ, ಪರರ ಗದ್ದೆಯನ್ನು ಲೀಜಿಗೋ ಪಾಲಿಗೋ ಹಿಡಿದು ಭತ್ತ ಬೆಳೆಯುವವರು ನಾವು. ಬೀಜ, ಗೊಬ್ಬರ, ನಾಟಿಯ ಕೂಲಿ, ಕೊಯ್ಲಿನ ಮಷಿನ್ ಬಾಡಿಗೆ ನಮ್ಮವು, ಪಹಣಿ ಮಾಲೀಕರದು. ಸರ್ಕಾರದ ನೆರವು ಪಹಣಿ ನೋಡಿ ಬರುತ್ತದೆ, ಗದ್ದೆಯಲ್ಲಿ ಯಾರಿದ್ದಾರೆಂದು ಕೇಳುವುದಿಲ್ಲ.

ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಜಮೀನು ಹೆಸರಿನಲ್ಲಿದ್ದವರಿಗೇ ಎಂಬುದು ಕೇಂದ್ರದ ನಿಯಮ. ಮಾಲೀಕರ ಅನ್ನಕ್ಕೆ ಕಲ್ಲು ಹಾಕುವ ಉದ್ದೇಶ ನಮಗಿಲ್ಲ; ಅವರಲ್ಲೂ ಎರಡೆಕರೆಯ ವಿಧವೆಯರು, ದುಡಿಯಲಾಗದ ವೃದ್ಧರು ಇದ್ದಾರೆ. ಬೆಳೆ ನಷ್ಟ ಪರಿಹಾರದ ಮಾತೇ ಬೇರೆ. ಕೊಯ್ಲಿಗೆ ಬಂದ ಭತ್ತ ಅಕಾಲ ಮಳೆಗೆ ನೆಲಕಚ್ಚಿದರೆ ವಿಪತ್ತು ಪರಿಹಾರ ನಿಧಿಯ ಮಾನದಂಡದಂತೆ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂ., ಅದೂ ಎರಡು ಹೆಕ್ಟೇರ್ ಮಿತಿಗೆ. ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ಆ ಸರ್ವೆ ನಂಬರಿಗೆ ಜೋಡಣೆಯಾದ ಹೆಸರಿಗೆ ಹಣ ಹೋಗುತ್ತದೆ. ಬಂಡವಾಳ ಕಳೆದುಕೊಂಡವರು ನಾವು; ಪರಿಹಾರ ಪಡೆಯುವವರು ಕೆಲವೊಮ್ಮೆ ಊರು ಬಿಟ್ಟು ನಗರ ಸೇರಿದವರು. ಸಜ್ಜನ ಮಾಲೀಕರು ಕರೆದು ಕೊಡುತ್ತಾರೆ. ಕೊಡದವರನ್ನು ಕೇಳಲು ನಮ್ಮ ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಬೆಂಬಲ ಬೆಲೆಯ ನೋಂದಣಿಗೂ ಅದೇ ತಂತ್ರಾಂಶದ ರೈತ ಗುರುತಿನ ಸಂಖ್ಯೆ (ಎಫ್‌ಐಡಿ) ಬೇಕು. ನಾವು ಬೆಳೆದ ಭತ್ತ ಅವರ ಹೆಸರಿನಲ್ಲಿ ತೂಕವಾಗುತ್ತದೆ. ಫಸಲ್ ಬಿಮಾ ಗೇಣಿದಾರರಿಗೂ ಉಂಟು, ಆದರೆ ದಾಖಲೆ ಕೇಳುತ್ತದೆ. ನೇರವಾಗಿ ನಮಗೆ ದಕ್ಕುವುದು ಗೊಬ್ಬರದ ಸಹಾಯಧನವೊಂದೇ, ಏಕೆಂದರೆ ಗೊಬ್ಬರದ ಅಂಗಡಿಯಲ್ಲಿ ಆಧಾರ್, ಹೆಬ್ಬೆಟ್ಟು ಇದ್ದರೆ ಸಾಕು.

ಕರಾರು ಪತ್ರ ಮಾಡಿಕೊಳ್ಳಿ ಎನ್ನುವುದು ಸುಲಭ. ಆದರೆ 1974ರ ತಿದ್ದುಪಡಿಯ ನಂತರ ಭೂಸುಧಾರಣಾ ಕಾಯ್ದೆಯು ಸೈನಿಕರಂಥ ಕೆಲವರ ಹೊರತು ಯಾರೂ ಜಮೀನನ್ನು ಗೇಣಿಗೆ ಕೊಡಬಾರದೆನ್ನುತ್ತದೆ. ಅಂದು ಫಾರಂ ನಂ. 7 ಸಲ್ಲಿಸಿ ಗೇಣಿ ಜಮೀನಿಗೆ ಒಡೆಯರಾದವರ ಮಕ್ಕಳೂ ಇಂದು ಲೀಜಿಗೆ ಕೊಡುವವರಲ್ಲಿದ್ದಾರೆ. ಕಾಗದಕ್ಕೆ ಸಹಿ ಹಾಕಲು ಹೆಚ್ಚು ಅಂಜುವವರೂ ಅವರೇ; ಒಂದು ಕಾಗದದ ಬಲವನ್ನು ಸ್ವಂತ ಮನೆಯಲ್ಲೇ ಕಂಡವರು. ಆ ಅಂಜಿಕೆಯನ್ನು ನಾವು ದೂರುವುದಿಲ್ಲ. ಅದನ್ನು ಕಳೆಯದೆ ಯಾವ ಯೋಜನೆಯೂ ನಮ್ಮವರೆಗೆ ಬರದು.

ಆದುದರಿಂದ, ಭೂಮಿಯ ಮೇಲೆ ಯಾವ ಹಕ್ಕನ್ನೂ ಕೊಡದ, ಆದರೆ ಪರಿಹಾರ, ವಿಮೆ, ಬೆಂಬಲ ಬೆಲೆಗೆ ಮಾನ್ಯವಾಗುವ ಒಂದು ಹಂಗಾಮಿನ ಸಾಗುವಳಿ ಚೀಟಿಗೆ ಕಾನೂನು ರೂಪಿಸುವಂತೆ ತಾವು ರಾಜ್ಯ ಸರ್ಕಾರಕ್ಕೆ ಶಿಫಾರಸು ಮಾಡಬೇಕು. ಆಂಧ್ರಪ್ರದೇಶವು 2019ರ ಕಾಯ್ದೆಯಡಿ 11 ತಿಂಗಳ ಇಂಥ ಕಾರ್ಡ್ ತಂದಿತು. ಆದರೆ ಮಾಲೀಕರ ಸಮ್ಮತಿಯಿಲ್ಲದೆ ಅದು ಸಿಗುತ್ತಿರಲಿಲ್ಲವಾದ್ದರಿಂದ ಅನೇಕರು ಹೊರಗುಳಿದರು. ನಮ್ಮಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಅಕ್ಕಪಕ್ಕದ ಹೊಲದವರ ಹೇಳಿಕೆ ಪಡೆದು ಚೀಟಿ ಕೊಡುವಂತಾಗಲಿ.

ಕಾನೂನಿಗೆ ಕಾಯದೆ ಆಗಬಹುದಾದದ್ದೂ ಇದೆ. ಬೆಳೆ ಹಾನಿಯ ಜಂಟಿ ಸಮೀಕ್ಷೆಗೆ ಬರುವವರು ಸರ್ವೆ ನಂಬರಿನ ಜೊತೆಗೆ ಅಲ್ಲಿ ಬೇಸಾಯ ಮಾಡುತ್ತಿರುವವರ ಹೆಸರನ್ನೂ, ಹೆಣ್ಣುಮಕ್ಕಳಾದರೆ ಅವರದೇ ಹೆಸರನ್ನು, ಬರೆದುಕೊಳ್ಳಲಿ. ಹಣ ಜಮೆಯಾಗುವ ಮೊದಲೇ ಪರಿಹಾರದ ಪಟ್ಟಿಯನ್ನು ಗ್ರಾಮ ಪಂಚಾಯಿತಿಯಲ್ಲಿ ಅಂಟಿಸಿ, ಆಕ್ಷೇಪಣೆಗೆ ಕಾಲಾವಕಾಶ ಕೊಡಿಸಬೇಕು. ತೀರಿಹೋದವರ ಹೆಸರಿನಲ್ಲೇ ಉಳಿದ ಪಹಣಿಗಳಿಗೆ ಪೌತಿ ಖಾತೆಯೂ ಬೇಗ ಆಗಲಿ.

ಕಾಲುವೆಗೆ ನೀರು ಬಿಡುವ ಮೊದಲು ಕಂದಾಯ, ಕೃಷಿ ಇಲಾಖೆಯವರನ್ನೂ ಮಾಲೀಕರನ್ನೂ ನಮ್ಮನ್ನೂ ಕೂಡಿಸಿ ಒಂದು ಸಭೆ ಕರೆಯಬೇಕೆಂದು ವಿನಂತಿ.

ತಮ್ಮ ವಿಶ್ವಾಸಿಗಳು,
ಲೀಜು ಹಾಗೂ ಪಾಲಿನ ರೈತರು, ಸಿಂಧನೂರು ತಾಲ್ಲೂಕು